ಚೋಕ್ ಚೈನ್ ಬಿಚ್ಚಿಟ್ಟು ನಾಯಿಗೆ ವಾಕಿಂಗ್ ಕಲಿಸೋದು ಹೇಗೆ: ಶುರುವಿಂದ ಪೂರ್ತಿ ಗೈಡ್

ಪೆಟ್ ಶಾಪ್‌ಗೆ ಹೋಗಿ "ನಮ್ ನಾಯಿ ವಾಕಿಂಗ್‌ನಲ್ಲಿ ಸಿಕ್ಕಾಪಟ್ಟೆ ಎಳಿಯತ್ತೆ, ಏನಾದ್ರೂ ಕೊಡಿ" ಅಂದ್ರೆ ಎಷ್ಟೋ ಕಡೆ ಮೊದ್ಲು ಕೌಂಟರ್ ಮೇಲೆ ಬರೋದು ಚೋಕ್ ಚೈನ್, ಎಳೆದ್ರೆ ಕುತ್ತಿಗೆಗೆ ಬಿಗಿಯಾಗೋ ಸರಪಳಿ. ಇನ್ನೂ ಗಟ್ಟಿದು ಬೇಕಾ ಅಂತ ಕೇಳಿ ಒಳಗಿಂದ ಮುಳ್ಳಿನ ಕಾಲರ್ ತೆಗೀತಾರೆ, ಅದೇ ಪ್ರಾಂಗ್ ಕಾಲರ್. ಆನ್‌ಲೈನ್‌ನಲ್ಲಿ ಹುಡುಕಿದ್ರೆ ರಿಮೋಟ್ ಇರೋ ಶಾಕ್ ಕಾಲರ್ ಸಿಗತ್ತೆ, ಅದಕ್ಕೆ 'ಟ್ರೈನಿಂಗ್ ಕಾಲರ್' ಅಂತ ಚೆಂದದ ಹೆಸರು. ಮೂರೂ ಕೆಲಸ ಮಾಡೋದು ಒಂದೇ ಥರ, ನಾಯಿಗೆ ನೋವಾಗ್ಬೇಕು, ನೋವಿಗೆ ಹೆದರಿ ಅದು ತೆಪ್ಪಗಾಗ್ಬೇಕು ಅಷ್ಟೇ.

ಅವನ್ನ ಬಿಟ್ಟು ಬೇರೆ ದಾರೀಲಿ ಹೋಗೋದು ಹೇಗೆ ಅಂತ ಒಂದೊಂದೇ ಹೆಜ್ಜೆ ಹೇಳ್ತೀನಿ. ಕಾಲರ್ ಬದಲಾಯಿಸೋದು ಐದು ನಿಮಿಷದ ಕೆಲಸ, ಕಷ್ಟ ಇರೋದು ನಾಯಿ ಎಳೆದ ತಕ್ಷಣ ಜಗ್ಗೋ ನಮ್ಮ ಕೈಯಲ್ಲಿ. ದುಬಾರಿ ಹಾರ್ನೆಸ್, ಅಂದ್ರೆ ಕುತ್ತಿಗೆ ಬದಲು ಎದೆ ಬೆನ್ನಿಗೆ ಹಾಕೋ ಪಟ್ಟಿ, ತಂದು ಅದನ್ನೂ ಹಾಗೇ ಜಗ್ಗಿದ್ರೆ ದುಡ್ಡು ದಂಡ.

ಮೊದ್ಲು, ಆ ಚೈನ್ ಮಾಡೋದೇನು

ಚೋಕ್ ಚೈನ್‌ಗೆ ಎಲ್ಲಿ ನಿಲ್ಬೇಕು ಅನ್ನೋ ಲೆಕ್ಕ ಇಲ್ಲ, ಎಳೆದಷ್ಟೂ ಬಿಗಿಯಾಗತ್ತೆ. ನಾಯಿ ಕುತ್ತಿಗೆ ಮುಂಭಾಗ ಮುಟ್ಟಿ ನೋಡಿ, ಚರ್ಮದ ಕೆಳಗೇ ಶ್ವಾಸನಾಳ ಸಿಗತ್ತೆ, ಪಕ್ಕದಲ್ಲೇ ಥೈರಾಯ್ಡ್ ಗ್ರಂಥಿ ಮತ್ತೆ ದೊಡ್ಡ ರಕ್ತನಾಳಗಳು. ಕೂದಲು ತುಂಬ ಇರೋದ್ರಿಂದ ನಮಗೆ ಗಾಯ ಕಾಣಲ್ಲ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಯಿ ಕಾಲರ್ ಹಾಕ್ಕೊಂಡು ಎಳೆದಾಗ ಕಣ್ಣಿನ ಒಳಗಿನ ಒತ್ತಡ ಏರಿತ್ತು, ಹಾರ್ನೆಸ್ ಹಾಕ್ಕೊಂಡು ಎಳೆದಾಗ ಹಾಗೆ ಏರಿರಲಿಲ್ಲ. ಹಾಗಾಗಿ ಪಗ್ ಥರ ಕಣ್ಣು ಹೊರಗೆ ಇರೋ ನಾಯಿಗೆ, ಇಲ್ಲಾ ನಾವೆಲ್ಲ ಪಾಮೇರಿಯನ್ ಅಂತ ಕರೆಯೋ ಸಣ್ಣ ಬಿಳಿ ಸ್ಪಿಟ್ಜ್‌ಗೆ, ಮಾಮೂಲಿ ಕಾಲರ್‌ಗೆ ಹಗ್ಗ ಕಟ್ಟಿ ಎಳೆಯೋದೂ ಒಳ್ಳೇದಲ್ಲ. ಸಣ್ಣ ತಳಿಗಳಲ್ಲಿ ಶ್ವಾಸನಾಳ ಕುಸಿಯೋ ಕಾಯಿಲೆ ಮೊದಲೇ ಜಾಸ್ತಿ, ವಾಕಿಂಗ್‌ನಲ್ಲಿ ಗೊರ್ ಗೊರ್ ಅಂತ ಕೆಮ್ಮಿದ್ರೆ ಡಾಕ್ಟರ್‌ಗೆ ತೋರಿಸಿ.

ಗಾಯಕ್ಕಿಂತ ದೊಡ್ಡ ತೊಂದರೆ ನಾಯಿ ತಲೆಯೊಳಗೆ ಆಗತ್ತೆ. ಎದುರಿಂದ ಸ್ಕೂಲ್ ಬ್ಯಾಗ್ ಹಾಕ್ಕೊಂಡ ಮಗು ಬರ್ತಿದೆ, ನಾಯಿ ಕುಶಿಗೆ ಆ ಕಡೆ ನುಗ್ತು, ಕುತ್ತಿಗೆಗೆ ಚುಚ್ಚಿತು. 'ಎಳೀಬಾರದು' ಅನ್ನೋ ಪಾಠ ನಮ್ಮ ತಲೇಲಿ ಮಾತ್ರ ಇರತ್ತೆ, ನಾಯಿ ಲೆಕ್ಕದಲ್ಲಿ ಮಗು ಬಂದ್ರೆ ನೋವು. ಹೀಗೇ ಆಗ್ತಾ ಹೋದ್ರೆ ಮಗು ಕಂಡ್ರೆ ಗುರ್ ಅನ್ನೋಕೆ ಶುರು ಮಾಡತ್ತೆ, ಗುರ್ ಅಂದಿದ್ದಕ್ಕೂ ಜಗ್ಗಿದ್ರೆ ಗುರ್ ಅನ್ನೋದನ್ನ ಬಿಡತ್ತೆ. ಮನೆಯವ್ರು "ಈಗ ಪಾಪ ಸುಧಾರಿಸಿದೆ" ಅಂತಾರೆ. ಭಯ ಅಲ್ಲೇ ಇದೆ, ಎಚ್ಚರಿಕೆ ಕೊಡೋದು ಮಾತ್ರ ನಿಂತಿದೆ, ಆಮೇಲೆ ಒಂದಿನ "ಏನೂ ಮಾಡ್ದೆ ಸುಮ್ ಸುಮ್ನೆ ಕಚ್ಚಿಬಿಡ್ತು" ಅನ್ನೋ ಸುದ್ದಿ ಬರೋದು ಹೀಗೆ.

ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ಮಾಡಿದ ಒಂದು ಅಧ್ಯಯನ 2020ರಲ್ಲಿ ಬಂತು. ಶಿಕ್ಷೆ ಕೊಟ್ಟು ಕಲಿಸೋ ಸ್ಕೂಲ್‌ಗಳ ನಾಯಿಗಳು ಟ್ರೈನಿಂಗ್ ಟೈಮಲ್ಲಿ ಹೆಚ್ಚು ಏದುಸಿರು ಬಿಡ್ತಿದ್ವು, ತುಟಿ ನೆಕ್ಕೋದು ಆಕಳಿಸೋದು ಹೆಚ್ಚಿತ್ತು, ಆಮೇಲೆ ಜೊಲ್ಲು ಪರೀಕ್ಷೆ ಮಾಡಿದಾಗ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಜಾಸ್ತಿ ಏರಿತ್ತು. ಇನ್ನೊಂದು ಪರೀಕ್ಷೆ ನಂಗೆ ಮನಸ್ಸಿಗೆ ತಟ್ಟಿದ್ದು: ಒಂದು ಜಾಗದಲ್ಲಿ ಬಟ್ಟಲು ಇಟ್ರೆ ಯಾವಾಗ್ಲೂ ತಿಂಡಿ ಇರತ್ತೆ, ಇನ್ನೊಂದು ಜಾಗದಲ್ಲಿ ಇಟ್ರೆ ಖಾಲಿ ಅಂತ ಮೊದ್ಲು ಕಲಿಸಿದ್ರು, ಆಮೇಲೆ ಬಟ್ಟಲನ್ನ ಎರಡರ ಮಧ್ಯ ಇಟ್ರು. ಹೆಚ್ಚು ಶಿಕ್ಷೆ ಕಂಡ ನಾಯಿಗಳು ಅದರ ಹತ್ರ ನಿಧಾನಕ್ಕೆ ಹೋದ್ವು, 'ಏನೂ ಇರಲ್ಲ ಬಿಡು' ಅನ್ನೋ ಥರ. "ಆದ್ರೂ ಶಾಕ್ ಕಾಲರ್ ಬೇಗ ಕೆಲಸ ಮಾಡತ್ತಲ್ಲಾ" ಅನ್ನೋರಿಗೆ, ಇಂಗ್ಲೆಂಡಿನ ಲಿಂಕನ್ ಯೂನಿವರ್ಸಿಟಿಯವ್ರು 63 ನಾಯಿಗಳಲ್ಲಿ ಹೋಲಿಸಿ ನೋಡಿದ್ರು, ಅನುಭವ ಇರೋ ಟ್ರೈನರ್‌ಗಳ ಕೈಲೇ. ತಿಂಡಿ ಕೊಟ್ಟು ಕಲಿಸಿದ ಗುಂಪೇ ಮಾತು ಬೇಗ ಕೇಳ್ತು.

ಇನ್ನು "ನೀನು ಆಲ್ಫಾ ಆಗ್ಬೇಕು" ಕಥೆ, ಅಂದ್ರೆ ಗುಂಪಿನ ಯಜಮಾನನ ಥರ ನಾಯಿನ ಅಡಗಿಸಿ ಇಟ್ರೆ ಮಾತ್ರ ಅದು ಮಾತು ಕೇಳತ್ತೆ ಅನ್ನೋ ನಂಬಿಕೆ. ಅದು ಬೋನಲ್ಲಿ ಕೂಡಿ ಹಾಕಿದ್ದ, ಒಂದಕ್ಕೊಂದು ಸಂಬಂಧ ಇಲ್ಲದ ತೋಳಗಳನ್ನ ನೋಡಿ 1940ರ ದಶಕದಲ್ಲಿ ಬರೆದದ್ದರಿಂದ ಬಂದದ್ದು. ಅದನ್ನ ಜನಪ್ರಿಯ ಮಾಡಿದೋರಲ್ಲಿ ಒಬ್ರಾದ ತೋಳ ತಜ್ಞ ಡೇವಿಡ್ ಮೆಕ್ ಅವ್ರೇ ಆಮೇಲೆ 1999ರಲ್ಲಿ, ಕಾಡಿನ ತೋಳದ ಗುಂಪು ಅಂದ್ರೆ ಅಪ್ಪ ಅಮ್ಮ ಮಕ್ಕಳ ಸಂಸಾರ, ಆಲ್ಫಾ ಗೀಲ್ಫಾ ಅನ್ನೋ ಮಾತು ಅಲ್ಲಿಗೆ ಹೊಂದಲ್ಲ ಅಂತ ಬರೆದ್ರು. ನಮ್ಮ ಏರಿಯಾ ಟ್ರೈನರ್‌ಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ ಅನ್ಸತ್ತೆ.

ವೇಲ್ಸ್‌ನಲ್ಲಿ 2010ರಿಂದಲೇ ಶಾಕ್ ಕಾಲರ್ ನಿಷೇಧ, ಜರ್ಮನಿಯಲ್ಲಿ 2022ರಿಂದ ಟ್ರೈನಿಂಗ್‌ಗೆ ಮುಳ್ಳಿನ ಕಾಲರ್ ಬಳಸೋ ಹಾಗಿಲ್ಲ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಅನಗತ್ಯ ನೋವು ಕೊಡೋದು, ತೀರಾ ಗಿಡ್ಡ ಇಲ್ಲಾ ತೀರಾ ಭಾರದ ಸರಪಳಿಯಲ್ಲಿ ಗಂಟೆಗಟ್ಲೆ ಕಟ್ಟಿಹಾಕೋದು, ಯಾವಾಗ್ಲೂ ಕಟ್ಟೇ ಇಡೋ ನಾಯಿಗೆ ವ್ಯಾಯಾಮ ಕೊಡದೇ ಇರೋದು, ಇವೆಲ್ಲ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ! ಒಂದು ಬೈಟು ಕಾಫಿ ದುಡ್ಡು. ಅದಕ್ಕೇ ಕಾನೂನು ತೋರಿಸಿ ಹೆದರಿಸೋದ್ರಿಂದ ಏನೂ ಆಗಲ್ಲ, ಬೇರೆ ದಾರಿ ತೋರಿಸ್ಬೇಕು.

ಹಂತ 1: ಕುತ್ತಿಗೆ ನೋಡಿ, ಡಾಕ್ಟರ್‌ಗೆ ತೋರಿಸಿ

ಕಾಲರ್ ಬಿಚ್ಚಿ, ಬೆಳಕಲ್ಲಿ ಕೂರಿಸ್ಕೊಂಡು, ಕೂದಲನ್ನ ಬೆರಳಲ್ಲಿ ಬಿಡಿಸಿ ಸುತ್ತಲೂ ನೋಡಿ. ಚೈನ್ ಕೂರೋ ಜಾಗದಲ್ಲಿ ಕೂದಲು ಉದುರಿ ಗೆರೆ ಬಿದ್ದಿರತ್ತೆ, ಕೆಲವಕ್ಕೆ ಚರ್ಮ ಕಪ್ಪಾಗಿ ದಪ್ಪ ಆಗಿರತ್ತೆ, ಮುಳ್ಳಿನ ಕಾಲರ್ ಆದ್ರೆ ಸಣ್ಣ ಸಣ್ಣ ರಕ್ತದ ಹೆಪ್ಪು. ಹಸಿ ಗಾಯ ಇದ್ರೆ ವಾಸಿ ಆಗೋವರ್ಗೂ ಕುತ್ತಿಗೆಗೆ ಏನೂ ಬೇಡ. ಇದ್ದಕ್ಕಿದ್ದ ಹಾಗೆ ಸಿಡುಕೋಕೆ ಶುರು ಮಾಡಿರೋ ನಾಯಿ ಆದ್ರೆ ಟ್ರೈನರ್‌ಗಿಂತ ಮುಂಚೆ ವೆಟ್ ಹತ್ರ ಹೋಗಿ, ಕಿವಿ ನೋವು, ಹಲ್ಲು ನೋವು, ಸೊಂಟದ ಕೀಲು ನೋವು ಇವೆಲ್ಲ ಹೊರಗೆ ಕೋಪದ ಥರಾನೇ ಕಾಣ್ತವೆ.

ಹಂತ 2: ಸರಿಯಾದ ಹಾರ್ನೆಸ್ ತಗೊಳ್ಳಿ

ಎದೆ ಮೇಲೆ ಇಂಗ್ಲಿಷಿನ ವೈ ಅಕ್ಷರದ ಥರ ಬರೋ ಹಾರ್ನೆಸ್ ಬೇಕು. ಪಟ್ಟಿ ಎದೆಮೂಳೆ ಮೇಲೆ ಇಳಿದು ಮುಂಗಾಲುಗಳ ಮಧ್ಯ ಹೋಗ್ಬೇಕು, ಭುಜದ ಮೇಲೆ ಅಡ್ಡ ಹಾದ್ರೆ ಕಾಲು ಮುಂದೆ ಚಾಚೋಕಾಗಲ್ಲ. ಎರಡು ರಿಂಗ್ ಇರ್ಲಿ, ಒಂದು ಬೆನ್ನ ಮೇಲೆ, ಒಂದು ಎದೆ ಮುಂದೆ. ಎದೆ ರಿಂಗ್‌ಗೆ ಹಗ್ಗ ಹಾಕಿದಾಗ ನಾಯಿ ಜೋರಾಗಿ ಎಳೆದ್ರೆ ಮೈ ತಾನಾಗೇ ನಮ್ಮ ಕಡೆ ತಿರುಗತ್ತೆ, ನೋವಾಗಲ್ಲ, ಎಳೆತದ ಜೋರು ಕಮ್ಮಿ ಆಗತ್ತೆ.

ಅಳತೆಗೆ ಟೈಲರ್ ಟೇಪ್ ತಗೊಂಡು ಮುಂಗಾಲುಗಳ ಹಿಂದೆ ಎದೆ ಎಲ್ಲಿ ಅತಿ ಅಗಲ ಇದೆಯೋ ಅಲ್ಲಿ ಸುತ್ತಳತೆ, ಆಮೇಲೆ ಕುತ್ತಿಗೆ ಬುಡದ ಸುತ್ತಳತೆ ತಗೊಳ್ಳಿ. ತಳಿ ನೋಡಿ ಸೈಜ್ ಆರ್ಡರ್ ಮಾಡ್ಬೇಡಿ, ಲ್ಯಾಬ್ರಡಾರ್ ಅಂದ ಮಾತ್ರಕ್ಕೆ ಎಲ್ಲ ಒಂದೇ ಗಾತ್ರ ಇರಲ್ಲ. ಹಾಕಿದ್ಮೇಲೆ ಎಲ್ಲಾ ಪಟ್ಟಿ ಕೆಳಗೂ ಎರಡು ಬೆರಳು ಆರಾಮಾಗಿ ಹೋಗ್ಬೇಕು. ಕಂಕುಳಲ್ಲಿ ಉಜ್ಜತ್ತಾ ನೋಡಿ. ಮಳೆಗಾಲದಲ್ಲಿ ಒದ್ದೆ ಹಾರ್ನೆಸ್ ಹಾಗೇ ಬಿಟ್ರೆ ಚರ್ಮ ಕೆಡತ್ತೆ, ಮನೆಗೆ ಬಂದ ತಕ್ಷಣ ಬಿಚ್ಚಿ ಒಣ ಹಾಕಿ.

ಮುಧೋಳ ಸಾಕಿರೋರು ಇಲ್ಲಿ ಸ್ವಲ್ಪ ಗಮನ ಕೊಡಿ. ಅದರ ತಲೆ ಕುತ್ತಿಗೆಗಿಂತ ಸಣ್ಣ, ಮಾಮೂಲಿ ಕಾಲರ್ ಹಿಂದಕ್ಕೆ ಸರಿದು ಕ್ಷಣದಲ್ಲಿ ಕಳಚ್ಕೊಂಡು ಓಡತ್ತೆ, ಓಡಿದ್ಮೇಲೆ ಹಿಡಿಯೋದು ನಿಮ್ಮ ನನ್ನ ಕೈಲಾಗೋ ಮಾತಲ್ಲ. ಅದಕ್ಕೇ ಎಷ್ಟೋ ಜನ ಚೋಕ್ ಹಾಕ್ತಾರೆ. ಬದಲಿಗೆ ಅಗಲ ಬಟ್ಟೆಯ ಮಾರ್ಟಿಂಗೇಲ್ ಕಾಲರ್ ಹಾಕಿ, ಅದು ಒಂದು ಮಿತಿವರೆಗೆ ಮಾತ್ರ ಬಿಗಿಯಾಗತ್ತೆ; ಪೂರ್ತಿ ಬಿಗಿ ಆದಾಗ್ಲೂ ಕುತ್ತಿಗೆ ಸುತ್ತ ಅಪ್ಪಿಕೊಂಡಿರ್ಬೇಕೇ ಹೊರತು ಹಿಸುಕ್ಬಾರದು ಅಂತ ಅಡ್ಜಸ್ಟ್ ಮಾಡ್ಕೊಳ್ಳಿ. ಜೊತೆಗೆ ಸೊಂಟದ ಹತ್ರ ಇನ್ನೊಂದು ಪಟ್ಟಿ ಇರೋ ಹಾರ್ನೆಸ್. ಹೆದರೋ ನಾಯಿ ಯಾವ್ದೇ ಇದ್ರೂ, ಅದ್ರಲ್ಲೂ ದೀಪಾವಳಿ ಟೈಮಲ್ಲಿ, ಕಾಲರ್‌ಗೂ ಹಾರ್ನೆಸ್‌ಗೂ ಎರಡಕ್ಕೂ ಕ್ಲಿಪ್ ಹಾಕಿ. ಫೋನ್ ನಂಬರ್ ಇರೋ ಟ್ಯಾಗ್ ಕಾಲರ್‌ನಲ್ಲಿ ಇದ್ದೇ ಇರ್ಲಿ.

ಹಗ್ಗ ಐದಾರು ಅಡಿಯದು, ಸುಮ್ನೆ ಮಾಮೂಲಿ ನೈಲಾನ್ ಇಲ್ಲಾ ಹತ್ತಿದು. ಒತ್ತಿದ್ರೆ ಬಿಟ್ಕೊಳ್ಳೋ ದಾರದ ಲೀಶ್ ಬೇಡ, ಅದು ಯಾವಾಗ್ಲೂ ಬಿಗಿಯಾಗೇ ಇದ್ದು ಎಳೆದ್ರೆ ಜಾಗ ಸಿಗತ್ತೆ ಅಂತ ಕಲಿಸತ್ತೆ. "ಇದ್ರಲ್ಲಿ ಶಾಕ್ ಇಲ್ಲ ಸಾರ್, ಬರೀ ವೈಬ್ರೇಶನ್ ಬೀಪ್ ಅಷ್ಟೇ" ಅಂತ ಮಾರೋದನ್ನೂ, ಬೊಗಳಿದ್ರೆ ಮೂತಿಗೆ ಏನೋ ವಾಸನೆ ಎರಚೋದನ್ನೂ ತಗೋಬೇಡಿ, ನಾಯಿಗೆ ಇಷ್ಟ ಇಲ್ಲದೇ ಇರೋದ್ರಿಂದಲೇ ಅವೂ ಕೆಲಸ ಮಾಡೋದು.

ಹಂತ 3: ಹಾರ್ನೆಸ್ ಅಂದ್ರೆ ಹಬ್ಬ ಅನ್ನಿಸಿ

ತಂದ ದಿನವೇ ತಲೆ ಮೇಲಿಂದ ತುರುಕಿ ಹೊರಗೆ ಕರ್ಕೊಂಡ್ ಹೋಗ್ಬೇಡಿ. ನೆಲದ ಮೇಲಿಟ್ಟು ಮೂಸಲಿಕ್ಕೆ ಬಿಡಿ, ಮೂಸಿದ್ರೆ ತಿಂಡಿ. ಆಮೇಲೆ ಕುತ್ತಿಗೆ ತೂತಿನ ಈಚೆ ಕಡೆ ತಿಂಡಿ ಹಿಡಿದು ತಾನಾಗೇ ತಲೆ ತೂರಿಸೋ ಹಾಗೆ ಮಾಡಿ. ಮುಂದಿನ ಸಲ ಬಕಲ್ ಹಾಕಿ ಬಿಚ್ಚಿ, ಟಕ್ ಶಬ್ದಕ್ಕೆ ಬೆಚ್ಚೋ ನಾಯಿಗಳು ಇರ್ತವೆ, ಅವಕ್ಕೆ ದೂರದಿಂದ ಬಕಲ್ ಶಬ್ದ ಮಾಡಿ ತಿಂಡಿ ಕೊಡ್ತಾ ಹತ್ರ ಬನ್ನಿ. ಹಾಕಿದಾಗ ಪ್ರತಿಮೆ ಥರ ನಿಂತುಬಿಟ್ರೆ ಬೇಗ ಮುಂದೆ ಹೋಗಿದ್ದೀರಿ ಅಂತ, ಒಂದು ಹೆಜ್ಜೆ ಹಿಂದೆ ಬನ್ನಿ. ಕೆಲವಕ್ಕೆ ಒಂದು ಸಂಜೆ ಸಾಕು, ಕೆಲವಕ್ಕೆ ವಾರ.

ಹಂತ 4: ಸಂಬಳ ಯಾವುದು ಅಂತ ಗೊತ್ತು ಮಾಡ್ಕೊಳ್ಳಿ

ಮನೇಲಿ ಇಡೀ ದಿನ ಬಟ್ಟಲಲ್ಲಿ ಬಿದ್ದಿರೋ ಪೆಡಿಗ್ರಿ ಕಾಳು ರಸ್ತೇಲಿ ಯಾವ ನಾಯಿಗೂ ಬೇಡ. ಬರೀ ನೀರಲ್ಲಿ ಬೇಯಿಸಿದ ಚಿಕನ್, ಚಿಕನ್ ಲಿವರ್, ಬೇಯಿಸಿದ ಮೊಟ್ಟೆ, ಪನೀರ್ ಇವು ರಸ್ತೆಗೆ. ಮಾಂಸ ಮನೆಯೊಳಗೆ ತರೋ ಹಾಗಿಲ್ಲ ಅನ್ನೋರಿಗೆ ಪನೀರ್, ಬೇಯಿಸಿದ ಸಿಹಿಗೆಣಸು. ಕಡಲೆಕಾಳಿನಷ್ಟು ದೊಡ್ಡ ತುಂಡು ಸಾಕು, ನಾಯಿ ತುಂಡಿನ ಸೈಜ್ ನೋಡಲ್ಲ ಎಷ್ಟು ಸಲ ಸಿಕ್ತು ಅಂತ ನೋಡತ್ತೆ. ತಿಂಡಿ ಎಲ್ಲ ಸೇರಿ ದಿನದ ಊಟದ ಹತ್ತರಲ್ಲಿ ಒಂದು ಪಾಲು ಮೀರದ ಹಾಗೆ ನೋಡ್ಕೊಂಡು ಅಷ್ಟು ಊಟ ಕಮ್ಮಿ ಮಾಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟ್ ನಾಯಿಗೆ ವಿಷ, ಹಾಗಾಗಿ ಸಾರಿನ ಚಿಕನ್ ತುಂಡು ತೊಳೆದು ಕೊಡ್ತೀನಿ ಅನ್ನೋ ಜಾಣತನ ಬೇಡ.

ಇದರ ಜೊತೆ ಒಂದು ಸಿಗ್ನಲ್ ಪದ ಬೇಕು, 'ಯೆಸ್' ಇಲ್ಲಾ 'ಗುಡ್', ಮನೆಯವ್ರೆಲ್ಲ ಒಂದೇ ಪದ ಹೇಳ್ಬೇಕು. ಮೊದ್ಲು ಮನೇಲಿ ಕೂತು ಸುಮ್ನೆ 'ಯೆಸ್' ಅನ್ನಿ, ತಕ್ಷಣ ತಿಂಡಿ ಕೊಡಿ, ಮತ್ತೆ ಅನ್ನಿ ಮತ್ತೆ ಕೊಡಿ. ಪದ ಕೇಳಿದ ಕೂಡ್ಲೇ ನಾಯಿ ತಿಂಡಿಗೆ ನಿಮ್ಮ ಕಡೆ ತಿರುಗೋಕೆ ಶುರು ಮಾಡಿದ್ರೆ ಪದಕ್ಕೆ ಬೆಲೆ ಬಂತು. ಇನ್ಮೇಲೆ ಸರಿಯಾದದ್ದು ಮಾಡಿದ ಆ ಕ್ಷಣಕ್ಕೆ 'ಯೆಸ್'. ಕ್ಲಿಕ್ಕರ್ ಅನ್ನೋ ಟಿಕ್ ಟಿಕ್ ಡಬ್ಬಿ ಮಾಡೋದೂ ಇದೇ ಕೆಲಸ. ಡಾಲ್ಫಿನ್‌ಗಳಿಗೆ ಕಲಿಸೋರು ಸೀಟಿ ಊದೋದೂ ಇದಕ್ಕೇ, ನೀರಲ್ಲಿರೋ ಡಾಲ್ಫಿನ್‌ಗೆ ಚೋಕ್ ಚೈನ್ ಹಾಕೋಕಾಗಲ್ಲ ನೋಡಿ!

ಹಂತ 5: ಎಳೆಯದೇ ನಡೆಯೋದು

ನಾಯಿ ಯಾಕೆ ಎಳಿಯತ್ತೆ ಅಂದ್ರೆ ನಮ್ಮ ನಡಿಗೆ ಅದಕ್ಕೆ ಆಮೆ ನಡಿಗೆ, ಮತ್ತೆ ಎಳೆದ್ರೆ ಕಂಬದ ಹತ್ರ ಹೋಗೋಕೆ ಸಿಗತ್ತೆ. ಇಷ್ಟು ದಿನ ಎಳೆತಕ್ಕೆ ಸಂಬಳ ಕೊಟ್ಟಿರೋದು ನಾವೇ, ಈಗ ಸಂಬಳ ಬೇರೆ ಕೆಲಸಕ್ಕೆ ಹೋಗ್ಬೇಕು ಅಷ್ಟೇ.

ಶುರು ಮಾಡೋದು ಹಾಲ್‌ನಲ್ಲಿ, ಹಗ್ಗ ಇಲ್ದೆ. ನೀವು ನಡೀರಿ, ನಾಯಿ ನಿಮ್ಮ ಎಡ ಮೊಣಕಾಲಿನ ಪಕ್ಕ ಬಂದ ಕ್ಷಣ 'ಯೆಸ್', ತಿಂಡಿಯನ್ನ ಪ್ಯಾಂಟಿನ ಹೊಲಿಗೆ ಪಕ್ಕದಲ್ಲೇ, ನಾಯಿ ಮೂತಿ ಎತ್ತರಕ್ಕೆ ಕೊಡಿ. ಮುಂದಕ್ಕೆ ಕೈ ಚಾಚಿ ಕೊಟ್ರೆ ನಾಯಿ ಮುಂದೇನೇ ಇರತ್ತೆ, ತಿಂಡಿ ಎಲ್ಲಿ ಸಿಗತ್ತೋ ನಾಯಿ ಅಲ್ಲಿ ಇರತ್ತೆ. ಮೂರು ನಾಲ್ಕು ನಿಮಿಷ ಸಾಕು, ಅದು ಇನ್ನೂ ಬೇಕು ಅನ್ನೋವಾಗ್ಲೇ ನಿಲ್ಸಿ. ಆಮೇಲೆ ಇದೇ ಆಟ ಹಗ್ಗ ಹಾಕಿ, ಆಮೇಲೆ ಟೆರೇಸ್ ಇಲ್ಲಾ ಬೇಸ್‌ಮೆಂಟ್ ಪಾರ್ಕಿಂಗ್, ಆಮೇಲೆ ಜನ ಕಮ್ಮಿ ಇರೋ ಬೆಳಗ್ಗೆ ಹೊತ್ತಲ್ಲಿ ಗೇಟ್ ಹೊರಗೆ. ನೇರ ಗಾಂಧಿಬಜಾರ್‌ಗೆ ಕರ್ಕೊಂಡ್ ಹೋಗಿ "ಇದು ವರ್ಕ್ ಆಗಲ್ಲ" ಅನ್ಬೇಡಿ.

ಹಗ್ಗ ಹಿಡಿಯೋದು ಹೀಗೆ: ಹಿಡಿಕೆಯ ಕುಣಿಕೆ ಬಲಗೈ ಹೆಬ್ಬೆರಳಿಗೆ ಹಾಕಿ ಮುಷ್ಟಿ ಮುಚ್ಚಿ, ಆ ಕೈನ ಹೊಟ್ಟೆಗೆ ತಾಗಿಸಿ ಇಡಿ. ಮಣಿಕಟ್ಟಿಗೆ ಸುತ್ಕೊಂಡ್ರೆ ದೊಡ್ಡ ನಾಯಿ ನುಗ್ಗಿದಾಗ ನಿಮ್ಮ ಕೈನೇ ಮುರಿಯತ್ತೆ. ಎಡಗೈ ಹಗ್ಗದ ಮೇಲೆ ಸುಮ್ನೆ ಇರ್ಲಿ, ಹಗ್ಗ ಮಧ್ಯದಲ್ಲಿ ಜೋತು ಬಿದ್ದಿರ್ಬೇಕು. ಹೊಟ್ಟೆಗೆ ತಾಗಿಸಿದ ಕೈಗೆ ಜಗ್ಗೋಕೆ ಆಗಲ್ಲ, ಅದಕ್ಕೇ ಹಾಗೆ ಹೇಳಿದ್ದು. ನಾಯಿ ಎಳೆದ್ರೆ ನಿಂತುಬಿಡಿ. ಜಗ್ಬೇಡಿ, ಬೈಬೇಡಿ, "ಹೀಲ್ ಹೀಲ್ ಹೀಲ್" (ಕಾಲ ಪಕ್ಕ ಬಾ ಅಂತ) ಭಜನೆ ಮಾಡ್ಬೇಡಿ. ಕಾಯಿರಿ. ಅದು ತಲೆ ತಿರುಗಿಸಿ ನೋಡ್ದಾಗ ಇಲ್ಲಾ ಒಂದು ಹೆಜ್ಜೆ ಹಿಂದೆ ಬಂದು ಹಗ್ಗ ಸಡಿಲ ಆದಾಗ 'ಯೆಸ್', ಕಾಲ ಪಕ್ಕದಲ್ಲಿ ತಿಂಡಿ, ಮತ್ತೆ ಮುಂದೆ. ಮೊದಲ ದಿನಗಳಲ್ಲಿ ಅರ್ಧ ಗಂಟೇಲಿ ಎರಡು ಮನೆ ದಾಟಿದ್ರೆ ದೊಡ್ಡದು. ಪಕ್ಕದ ಮನೆ ಆಂಟಿ "ಏನ್ರೀ ನಿಂತೇ ಇದ್ದೀರಾ" ಅಂತ ಕೇಳ್ತಾರೆ, ಕೇಳ್ಲಿ ಬಿಡಿ.

ಆಫೀಸಿಗೆ ಲೇಟಾಗ್ತಿರೋವಾಗ ದಿನಾ ಇಷ್ಟೊತ್ತು ನಿಲ್ಲೋಕಾಗಲ್ಲ, ಗೊತ್ತು. ಅದಕ್ಕೇ ಎರಡು ರಿಂಗ್ ಇರೋ ಹಾರ್ನೆಸ್ ಅಂದಿದ್ದು. ಪಾಠದ ಹೊತ್ತಲ್ಲಿ ಹಗ್ಗ ಎದೆ ರಿಂಗ್‌ಗೆ, ಸುಮ್ನೆ ಹೋಗಿ ಬರೋ ಹೊತ್ತಲ್ಲಿ ಬೆನ್ನಿನ ರಿಂಗ್‌ಗೆ, ಆಗ ಸ್ವಲ್ಪ ಎಳೆದ್ರೂ ತಲೆ ಕೆಡಿಸ್ಕೋಬೇಡಿ. ಎರಡೂ ಬೇರೆ ಬೇರೆ ಅಂತ ನಾಯಿಗೆ ನಿಧಾನಕ್ಕೆ ಗೊತ್ತಾಗತ್ತೆ. ಮೂಸೋಕೂ ಬಿಡಿ ಸ್ವಾಮಿ, ವಾಕಿಂಗ್ ಅಂದ್ರೆ ಅದಕ್ಕೆ ಪೇಪರ್ ಓದೋ ಟೈಮು. ಹತ್ತು ಹೆಜ್ಜೆ ಸಡಿಲ ಹಗ್ಗದಲ್ಲಿ ಬಂದ್ರೆ "ಹೋಗು ಮೂಸು" ಅಂತ ಕಂಬದ ಹತ್ರ ಬಿಟ್ರೆ ಅದೂ ಸಂಬಳವೇ, ಚಿಕನ್ ಖರ್ಚೂ ಇಲ್ಲ.

ಹಂತ 6: ಬೀದಿನಾಯಿ, ಹಸು, ಡೆಲಿವರಿ ಬೈಕು

ವಿದೇಶಿ ವೀಡಿಯೋಗಳಲ್ಲಿ ಈ ಪಾಠ ಸರಿಯಾಗಿ ಸಿಗಲ್ಲ, ಯಾಕಂದ್ರೆ ಅವರ ರಸ್ತೇಲಿ ಬೇರೆ ನಾಯಿಗೂ ಹಗ್ಗ ಇರತ್ತೆ. ನಮ್ಮಲ್ಲಿ ತಿರುವು ತಿರುವಿಗೂ ಒಂದೊಂದು ಗ್ಯಾಂಗು. ಚೋಕ್ ಚೈನ್ ಬಿಟ್ಟೋರು ವಾಪಸ್ ಅದಕ್ಕೇ ಹೋಗೋದು ಇಲ್ಲೇ.

ಎಲ್ಲಾ ನಾಯಿಗೂ ಒಂದು ದೂರ ಇರತ್ತೆ. ಅಷ್ಟು ದೂರದಿಂದ ಬೀದಿನಾಯಿ ಕಂಡ್ರೆ ನೋಡತ್ತೆ ಅಷ್ಟೇ, ತಿಂಡಿ ಕೊಟ್ರೆ ತಿನ್ನತ್ತೆ. ಇನ್ನೂ ಹತ್ರ ಹೋದ್ರೆ ಮೈ ಸೆಟೆದು, ಬಾಯಿ ಮುಚ್ಚಿ, ಕಿವಿ ಮುಂದೆ ಮಾಡಿ, ಆಮೇಲೆ ಬೊಗಳಿ ನುಗ್ಗತ್ತೆ, ಆಗ ಚಿಕನ್ ಮೂತಿಗೆ ಹಿಡಿದ್ರೂ ಬೇಡ. ಆ ದೂರದ ಆಚೆ ನಿಂತು ಪಾಠ ಮಾಡ್ಬೇಕು. ನಿಮ್ಮ ನಾಯಿ ಆ ನಾಯಿನ ನೋಡಿದ ಕ್ಷಣ 'ಯೆಸ್', ತಿಂಡಿ. ನೋಡಿದ್ರೆ ತಿಂಡಿ, ನೋಡಿದ್ರೆ ತಿಂಡಿ. ದಿನ ಕಳೆದ ಹಾಗೆ ಬೀದಿನಾಯಿ ಕಂಡ ತಕ್ಷಣ ನಿಮ್ಮ ಮುಖ ನೋಡೋಕೆ ಶುರು ಮಾಡತ್ತೆ, ಆವಾಗ ಒಂದೆರಡು ಹೆಜ್ಜೆ ಹತ್ರ. ಹಸು, ಸ್ವಿಗ್ಗಿ ಬೈಕು, ಕಸದ ಗಾಡಿ ಎಲ್ಲಕ್ಕೂ ಇದೇ.

ಆ ದೂರ ಸಿಗದ ಕಿರಿದಾದ ಓಣಿ ಆದ್ರೆ ವಾಪಸ್ ತಿರುಗೋದನ್ನ ಮೊದಲೇ ಮನೇಲಿ ಕಲಿಸಿ. "ಬಾ ಹೋಗಣ" ಅಂತ ಕುಶಿ ದನೀಲಿ ಹೇಳಿ ತಿರುಗಿ ನಡೀರಿ, ಜೊತೆಗೆ ಬಂದ್ರೆ ತಿಂಡಿ, ಅಭ್ಯಾಸ ಆದ್ಮೇಲೆ ರಸ್ತೇಲೂ ಬರತ್ತೆ. ಬೀದಿನಾಯಿಗಳೇ ಬಂದು ಮುತ್ತಿಕೊಂಡ್ರೆ ಓಡ್ಬೇಡಿ, ಕಲ್ಲೆತ್ಬೇಡಿ, ಬಿಸ್ಕತ್ತು ಇದ್ರೆ ಒಂದು ಹಿಡಿ ಅವುಗಳ ಹಿಂದಕ್ಕೆ ಹೋಗಿ ಬೀಳೋ ಹಾಗೆ ಚೆಲ್ಲಿ ನಿಧಾನಕ್ಕೆ ಪಕ್ಕಕ್ಕೆ ಸರೀರಿ. ಬೀದಿನಾಯಿಗಳಿಗೆ ಊಟ ಹಾಕೋರು ಎಷ್ಟೊತ್ತಿಗೆ ಎಲ್ಲಿ ಹಾಕ್ತಾರೆ ಅಂತ ಕೇಳ್ಕೊಂಡು ಆ ಹೊತ್ತಲ್ಲಿ ಆ ರಸ್ತೆ ಬಿಟ್ಬಿಡಿ.

ಹಂತ 7: ಕರೆದ್ರೆ ಬರೋದು, ಬೊಗಳೋದು

ಶಾಕ್ ಕಾಲರ್ ಮಾರಾಟ ಆಗೋದು ಈ ಎರಡಕ್ಕೇ. ಕರೆದ್ರೆ ಬರೋಕೆ 15 ಅಡಿಯ ಉದ್ದ ಹಗ್ಗ ತಗೊಳ್ಳಿ, ಅದನ್ನ ಹಾರ್ನೆಸ್‌ನ ಬೆನ್ನಿನ ರಿಂಗ್‌ಗೆ ಮಾತ್ರ ಹಾಕಿ, ಕಾಲರ್‌ಗೆ ಯಾವತ್ತೂ ಬೇಡ. ಖಾಲಿ ಸೈಟು, ಮೈದಾನದಲ್ಲಿ ಕರೀರಿ, ಬಂದ್ರೆ ಒಂದಲ್ಲ ನಾಲ್ಕೈದು ತುಂಡು ಒಂದರ ಹಿಂದೆ ಒಂದು ಕೊಟ್ಟು ಮತ್ತೆ ಆಡೋಕೆ ಬಿಡಿ. ಕರೆದು ಸ್ನಾನ ಮಾಡಿಸೋದು, ಕರೆದು ಬೈಯೋದು, ಕರೆದು ಮನೆಗೆ ಎಳ್ಕೊಂಡ್ ಹೋಗೋದು ಮಾಡಿದ್ರೆ ಆ ಕರೆಗೆ ಬೆಲೆ ಹೋಗತ್ತೆ.

ಬೊಗಳೋದಕ್ಕೆ ಕಾರಣ ಹುಡುಕಿ, ಮನೇಲಿ ಇಲ್ಲದಾಗ ಹಳೇ ಫೋನ್‌ನಲ್ಲಿ ವೀಡಿಯೋ ಇಟ್ಟು ನೋಡಿ. ಬಾಲ್ಕನಿಯಿಂದ ರಸ್ತೆ ನೋಡಿ ಬೊಗಳೋದಾದ್ರೆ ಒಂದು ಚಾಪೆ ಪರದೆ ಕಟ್ಟಿದ್ರೆ ಅರ್ಧ ಮುಗೀತು. ಒಂಟಿ ಇದ್ದಾಗ ಊಳಿಟ್ಟು ಬಾಗಿಲು ಕೆರೀತಿದ್ರೆ ಅದು ಗಾಬರಿ, ಅದಕ್ಕೆ ಶಾಕ್ ಕೊಟ್ರೆ ಗಾಬರಿ ಇನ್ನೂ ಜಾಸ್ತಿ. ಅಂಥದಕ್ಕೆ ಸ್ವಲ್ಪ ಸ್ವಲ್ಪವೇ ಒಂಟಿ ಇರೋದನ್ನ ಕಲಿಸ್ಬೇಕು, ತೀರಾ ಹೆಚ್ಚಿದ್ರೆ ವೆಟ್ ಔಷಧಿಯನ್ನೂ ಕೊಡ್ತಾರೆ.

ಮನೆಯವ್ರು, ವಾಕರ್, ಟ್ರೈನರ್

ನೀವು ಇಷ್ಟೆಲ್ಲ ಮಾಡಿ ಸಂಜೆ ಅಪ್ಪ ಹಳೇ ಚೈನ್ ಹಾಕ್ಕೊಂಡ್ ಹೋದ್ರೆ ಎಲ್ಲ ಮಣ್ಣು. "ನಾಯಿನ ನಾಯಿ ಥರ ಇಡ್ಬೇಕು ಕಣೋ" ಅನ್ನೋರ ಹತ್ರ ವಾದ ಮಾಡಿ ಗೆಲ್ಲೋಕಾಗಲ್ಲ. "ಅಪ್ಪಾ, ಇವತ್ತು ಇದ್ರಲ್ಲಿ ಒಂದು ರೌಂಡ್ ಹೋಗ್ಬನ್ನಿ, ನಿಮ್ ಭುಜ ನೋಯತ್ತಾ ನೋಡಿ" ಅಂತ ಹಾರ್ನೆಸ್ ಕೈಗೆ ಕೊಡಿ. ಭುಜ ನೋವಿನ ಮಾತು ಪ್ರಾಣಿ ದಯೆ ಮಾತಿಗಿಂತ ಬೇಗ ನಾಟತ್ತೆ. ಅಪಾರ್ಟ್‌ಮೆಂಟ್ ಗ್ರೂಪಲ್ಲಿ "ಕ್ರೂರಿಗಳು" ಅಂತ ಬರೆಯೋದೂ ಅಷ್ಟೇ, ಯಾರೂ ಬದಲಾಗಲ್ಲ, ನಿಮ್ಮನ್ನ ಮ್ಯೂಟ್ ಮಾಡ್ತಾರೆ. ಲಿಫ್ಟ್‌ನಲ್ಲಿ "ಅಯ್ಯೋ ನಿಮ್ದು ಎಳಿಯೋದೇ ಇಲ್ವಲ್ಲ" ಅಂತ ಕೇಳಿದಾಗ ಅಳತೆ ತಗೊಂಡು ಒಂದು ವಾರಕ್ಕೆ ನಿಮ್ಮ ಹಳೇ ಹಾರ್ನೆಸ್ ಎರವಲು ಕೊಡಿ. ವಾಕರ್ ಹುಡುಗನಿಗೆ ಹೇಳಿದ್ರೆ ಸಾಲ್ದು, ಮೂರ್ನಾಲ್ಕು ದಿನ ಜೊತೆಗೆ ಹೋಗಿ ತೋರಿಸಿ, ಕೈಗೆ ತಿಂಡಿ ಚೀಲ ಕೊಡಿ, ಒಂದೇ ಸಲಕ್ಕೆ ನಾಲ್ಕು ನಾಯಿ ಹಿಡ್ಕೊಂಡ್ ಹೋಗೋನು ಬೇಡ.

ಟ್ರೈನರ್ ಅಂತ ಬೋರ್ಡ್ ಹಾಕ್ಕೊಳ್ಳೋದು ಯಾರು ಬೇಕಾದ್ರೂ ಮಾಡ್ಬಹುದು. ದುಡ್ಡು ಕೊಡೋ ಮುಂಚೆ ಕೇಳಿ: ನಾಯಿ ಸರಿ ಮಾಡಿದ್ರೆ ಏನ್ ಕೊಡ್ತೀರಿ? ತಪ್ಪು ಮಾಡಿದ್ರೆ ಏನ್ ಮಾಡ್ತೀರಿ? ನಾನು ಕೂತು ನೋಡ್ಬಹುದಾ? ಎರಡನೇದಕ್ಕೆ "ಸಣ್ಣ ಕರೆಕ್ಷನ್" ಅಂದ್ರೆ ಏನದು ಅಂತ ನಿಮ್ಮ ಕೈ ಮೇಲೆ ಮಾಡಿ ತೋರಿಸೋಕೆ ಹೇಳಿ. ಮೂರನೇದಕ್ಕೆ ಇಲ್ಲ ಅಂದ್ರೆ ಎದ್ದು ಬನ್ನಿ. ಎರಡು ತಿಂಗಳು ನಮ್ಮ ಹತ್ರ ಬಿಡಿ ರೆಡಿ ಮಾಡಿ ಕೊಡ್ತೀವಿ ಅನ್ನೋರಿಂದ ದೂರ ಇರಿ, ಅಲ್ಲಿ ಏನ್ ನಡೀತು ಅಂತ ನಾಯಿ ಬಾಯ್ಬಿಟ್ಟು ಹೇಳಲ್ಲ.

ಈಗಾಗ್ಲೇ ಯಾರನ್ನೋ ಕಚ್ಚಿರೋ ನಾಯಿ ಆದ್ರೆ ಈ ಗೈಡ್ ಒಂದೇ ನಂಬ್ಕೊಂಡು ರಸ್ತೆಗೆ ಇಳೀಬೇಡಿ. ವೆಟ್ ಹತ್ರ ಪರೀಕ್ಷೆ ಮಾಡಿಸಿ, ವರ್ತನೆ ಬಗ್ಗೆ ಓದಿರೋ, ಶಿಕ್ಷೆ ಬಳಸದ ಒಬ್ರನ್ನ ಹುಡುಕಿ. ಅಲ್ಲಿವರ್ಗೂ ಬುಟ್ಟಿ ಥರದ ಮಜಲ್ (ಕಚ್ಚದ ಹಾಗೆ ಮೂತಿಗೆ ಕಟ್ಟೋದು) ಹಾಕಿ, ಬಟ್ಟೆದು ಬೇಡ, ಬುಟ್ಟಿ ಥರದ್ರಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡೀಬಹುದು, ಸಂದಿಯಿಂದ ತಿಂಡೀನೂ ಕೊಡಬಹುದು. ಅದನ್ನೂ ಹಂತ 3ರ ಥರಾನೇ ಕಲಿಸಿ: ಬುಟ್ಟಿಯೊಳಗೆ ಪನೀರ್ ಹಚ್ಚಿ ಹಿಡ್ಕೊಳ್ಳಿ, ಮೂತಿ ತಾನಾಗೇ ಒಳಗೆ ಬರೋವರ್ಗೂ ಪಟ್ಟಿ ಕಟ್ಬೇಡಿ.